ಕ್ಯಾಬಿನ್ ಚೀಲವೊಂದರಲ್ಲೇ ಹಲವು ವಾರಗಳ ಪ್ರವಾಸ ಸಾಧ್ಯವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ತಂದೆಯವರು ಕೆಲವು ವಾರಗಳ ಮಟ್ಟಿಗೆ ಮೂರು ದೇಶಗಳನ್ನು ಸುತ್ತಿ ಬರಲು ಸಿದ್ಧತೆ ನಡೆಸಿದ್ದೇವೆ. ದಾರಿಯಲ್ಲಿ ಎರಡು ಕಡೆ ವಿಮಾನ ಬದಲಿಸಬೇಕಾಗಿದ್ದು, ಟಿಕೆಟ್‌ಗಳು ಬೇರೆ ಬೇರೆ ವಿಮಾನ ಸಂಸ್ಥೆಗಳಲ್ಲಿವೆ. ಮೊದಲ ಊರಿನಲ್ಲಿ ಸೆಖೆಯಿರುತ್ತದೆ. ಕೊನೆಯ ಊರಿನಲ್ಲಿ ರಾತ್ರಿಯ ಉಷ್ಣಾಂಶ 5 ಡಿಗ್ರಿಯವರೆಗೆ ಇಳಿಯುತ್ತದೆ ಎಂದು ತಿಳಿದಿದೆ. ನಡುವೆ ಒಂದು ದಿನ ನಾನು ಔಪಚಾರಿಕ ಉಡುಪಿನಲ್ಲಿ ಸಭೆಯೊಂದರಲ್ಲಿ ಭಾಗವಹಿಸಬೇಕು. ಈ ಬಾರಿ ಚೆಕ್-ಇನ್ ಲಗೇಜು ಯಾವುದನ್ನೂ ಒಯ್ಯದೆ, ಕ್ಯಾಬಿನ್‌ಗೆ ತೆಗೆದುಕೊಂಡು ಹೋಗಬಹುದಾದ ಚೀಲಗಳಲ್ಲೇ ಎಲ್ಲವನ್ನೂ ಹೊಂದಿಸಬೇಕೆಂಬುದು ನನ್ನ ಆಸೆ. ವಿಮಾನ ಇಳಿದ ಮೇಲೆ ಲಗೇಜಿಗಾಗಿ ಕಾಯುವುದು ತಪ್ಪುತ್ತದೆ ಎಂಬುದು ಒಂದು ಕಾರಣವಾದರೆ, ಒಂದು ವಿಮಾನ ತಡವಾದಾಗ ಮುಂದಿನ ವಿಮಾನಕ್ಕೆ ಚೀಲವೂ ನಮ್ಮೊಡನೆಯೇ ಬರುತ್ತದೆ ಎಂಬ ನೆಮ್ಮದಿ ಇನ್ನೊಂದು ಕಾರಣ.

ಆದರೆ ಲೆಕ್ಕ ಹೊಂದುತ್ತಿಲ್ಲ. ನಮ್ಮ ಟಿಕೆಟ್‌ಗಳಲ್ಲಿ ಅತ್ಯಂತ ಬಿಗಿಯಾದ ಮಿತಿ 7 ಕೆ.ಜಿ. ನನ್ನ ಬಳಿ ಇರುವ ಚಕ್ರದ ಗಟ್ಟಿ ಸೂಟ್‌ಕೇಸ್ ಖಾಲಿ ಇರುವಾಗಲೇ 3.2 ಕೆ.ಜಿ. ತೂಗುತ್ತದೆ. ಅಗತ್ಯವೆಂದು ನನಗೆ ತೋರಿದ ಬಟ್ಟೆ, ಎರಡು ಜೊತೆ ಶೂ, ಲ್ಯಾಪ್‌ಟಾಪ್, ಚಾರ್ಜರ್‌ಗಳು, ಸ್ನಾನದ ಸಾಮಗ್ರಿ, ಪವರ್ ಬ್ಯಾಂಕ್ ಎಲ್ಲವನ್ನೂ ಇಟ್ಟು ತೂಗಿದಾಗ ಒಟ್ಟು 11 ಕೆ.ಜಿ. ದಾಟಿತು. ತಂದೆಯವರಿಗೆ ಮಧುಮೇಹವಿದ್ದು, ಇನ್ಸುಲಿನ್ ಹಾಗೂ ಇತರ ಮಾತ್ರೆಗಳನ್ನು ಸಾಕಷ್ಟು ಪ್ರಮಾಣದಲ್ಲಿ ಒಯ್ಯಲೇಬೇಕು.

ನನ್ನ ಪ್ರಶ್ನೆಗಳಿವು. ಇಷ್ಟು ತೂಕವನ್ನು ಎಲ್ಲಿ ಕಡಿಮೆ ಮಾಡಬೇಕು, ಯಾವುದರಿಂದ ಆರಂಭಿಸಬೇಕು? ಸೆಖೆ, ಚಳಿ ಎರಡಕ್ಕೂ ಒದಗುವಂತೆ ಬಟ್ಟೆಗಳನ್ನು ಹೇಗೆ ಆರಿಸಬೇಕು? ದ್ರವ ಪದಾರ್ಥ, ಔಷಧಿ, ಬ್ಯಾಟರಿಗಳ ವಿಷಯದಲ್ಲಿ ಈಗ ಯಾವ ನಿಯಮಗಳನ್ನು ಗಮನದಲ್ಲಿಟ್ಟುಕೊಳ್ಳಬೇಕು? ತಮ್ಮ ಅನುಭವದಿಂದ ಮಾತನಾಡಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಿಮ್ಮ ಪಟ್ಟಿಯಲ್ಲಿ ಮೊದಲು ಕೈಬಿಡಬೇಕಾದ ವಸ್ತು ಆ ಸೂಟ್‌ಕೇಸೇ ಆಗಿದೆ. 7 ಕೆ.ಜಿ. ಮಿತಿಯಲ್ಲಿ 3.2 ಕೆ.ಜಿ.ಯನ್ನು ಚಕ್ರ, ಹಿಡಿ ಮತ್ತು ಗಟ್ಟಿ ಕವಚಕ್ಕೇ ಕೊಟ್ಟರೆ ಉಳಿಯುವುದು 3.8 ಕೆ.ಜಿ. ಮಾತ್ರ, ಅಷ್ಟರಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರೂ ಹಲವು ವಾರ ಪ್ರವಾಸ ಮಾಡಲಾರರು. ಸುಮಾರು 1.2 ಕೆ.ಜಿ. ತೂಗುವ, 35ರಿಂದ 40 ಲೀಟರ್ ಹಿಡಿಸುವ ಮೆದು ಬಟ್ಟೆಯ ಬೆನ್ನುಚೀಲಗಳು ಧಾರಾಳವಾಗಿ ದೊರೆಯುತ್ತವೆ. ಅಂತಹ ಚೀಲ ಹಿಡಿದರೆ ಒಳಗಿನ ವಸ್ತುಗಳಲ್ಲಿ ಒಂದನ್ನೂ ಬಿಡದೆಯೇ 2 ಕೆ.ಜಿ. ಉಳಿಯುತ್ತದೆ. ಬಟ್ಟೆಯನ್ನು ಎಷ್ಟೇ ಕತ್ತರಿಸಿದರೂ ಇಷ್ಟು ದೊಡ್ಡ ಉಳಿತಾಯ ಒಂದೇ ಏಟಿಗೆ ಬೇರೆಲ್ಲಿಯೂ ಸಿಗುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಜಗತ್ತಿನ ಎಲ್ಲ ವಿಮಾನ ಸಂಸ್ಥೆಗಳೂ ಒಪ್ಪುವ ಒಂದೇ ಅಳತೆ ಎಂಬುದು ಇಲ್ಲ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘವು 56×45×25 ಸೆಂ.ಮೀ. ಎಂಬ ಸ್ಥೂಲ ಮಾರ್ಗಸೂಚಿಯನ್ನು ಕೊಡುತ್ತದೆಯಾದರೂ, ಎಷ್ಟೋ ಸಂಸ್ಥೆಗಳು 55×40×20 ಅಥವಾ 55×35×25 ಸೆಂ.ಮೀ. ಎಂದು ಅದಕ್ಕಿಂತ ಬಿಗಿಯಾದ ಮಿತಿಯನ್ನೇ ಪಾಲಿಸುತ್ತವೆ. 2015ರಲ್ಲಿ ಇದೇ ಸಂಘ 55×35×20 ಸೆಂ.ಮೀ. ಎಂಬ ಏಕರೂಪದ ಅಳತೆಯನ್ನು ಮುಂದಿಟ್ಟಾಗ, ಈಗಿರುವ ಚೀಲಗಳೆಲ್ಲ ನಿರುಪಯುಕ್ತವಾಗುತ್ತವೆ ಎಂಬ ವಿರೋಧ ಎದ್ದು, ಕೆಲವೇ ದಿನಗಳಲ್ಲಿ ಆ ಯೋಜನೆಯನ್ನು ನಿಲ್ಲಿಸಬೇಕಾಯಿತು. ಆದ್ದರಿಂದ ನಿಮ್ಮ ಪ್ರವಾಸದ ಎಲ್ಲ ವಿಮಾನಗಳ ನಿಯಮಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡು, ಉದ್ದಕ್ಕೆ, ಅಗಲಕ್ಕೆ, ದಪ್ಪಕ್ಕೆ, ತೂಕಕ್ಕೆ ಪ್ರತ್ಯೇಕವಾಗಿ ಅತ್ಯಂತ ಕಡಿಮೆ ಇರುವ ಅಂಕಿಯನ್ನು ಆರಿಸಿಕೊಳ್ಳಬೇಕು. ಚಕ್ರ, ಹಿಡಿ, ಹೊರಗಿನ ಜೇಬು ಎಲ್ಲವೂ ಅಳತೆಯಲ್ಲಿ ಸೇರುತ್ತವೆ. ಟಿಕೆಟ್ ಮಾರಿದ ಸಂಸ್ಥೆ ಒಂದು, ವಿಮಾನ ಹಾರಿಸುವ ಸಂಸ್ಥೆ ಇನ್ನೊಂದು ಆಗಿದ್ದರೆ, ಕ್ಯಾಬಿನ್ ಚೀಲದ ಮಟ್ಟಿಗೆ ಸಾಮಾನ್ಯವಾಗಿ ವಿಮಾನ ಹಾರಿಸುವ ಸಂಸ್ಥೆಯ ನಿಯಮವೇ ನಡೆಯುತ್ತದೆ ಎಂಬುದನ್ನೂ ಗಮನಿಸಿ.

ಸೀಟಿನ ಕೆಳಗೆ ಇಡುವ ಸಣ್ಣ ಚೀಲವನ್ನು ಕೆಲವರು ಪ್ರತ್ಯೇಕವಾಗಿ ಬಿಡುತ್ತಾರೆ. ಇನ್ನು ಕೆಲವರು ಎರಡೂ ಸೇರಿ 7 ಕೆ.ಜಿ. ಎನ್ನುತ್ತಾರೆ. ಇದನ್ನು ಟಿಕೆಟ್‌ನ ನಿಯಮಗಳಲ್ಲಿ ಓದಿ ಖಚಿತಪಡಿಸಿಕೊಳ್ಳದೆ ಲೆಕ್ಕ ಹಾಕಬಾರದು.

ಆಮೇಲೆ ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಪ್ರತಿಯೊಂದು ವಸ್ತುವನ್ನೂ ತೂಗಿ, ಭಾರವಾದದ್ದು ಮೇಲೆ, ಹಗುರವಾದದ್ದು ಕೆಳಗೆ ಬರುವಂತೆ ಪಟ್ಟಿ ಮಾಡಿ. ಜನರು ಸಾಮಾನ್ಯವಾಗಿ ಒಂದು ಬನಿಯನ್ನನ್ನು ಬಿಡುವುದೋ ಒಯ್ಯುವುದೋ ಎಂದು ಬಹಳ ಹೊತ್ತು ಚಿಂತಿಸಿ, ಮುಕ್ಕಾಲು ಕೆ.ಜಿ.ಯ ಎರಡನೆಯ ಜೊತೆ ಶೂವನ್ನು ಯೋಚಿಸದೆ ಒಳಗೆ ಹಾಕುತ್ತಾರೆ. ಪಟ್ಟಿಯ ಮೇಲಿನ ಐದಾರು ವಸ್ತುಗಳಲ್ಲೇ ನಿಮ್ಮ ಹೆಚ್ಚುವರಿ 4 ಕೆ.ಜಿ. ಅಡಗಿರುತ್ತದೆ. ಪ್ಯಾಕಿಂಗ್ ಕ್ಯೂಬ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು: ಬಟ್ಟೆಯನ್ನು ಒತ್ತಿ ಕುಗ್ಗಿಸುವ ಜಿಪ್ ಇರುವ ಕ್ಯೂಬ್‌ಗಳು ಜಾಗವನ್ನು ಉಳಿಸುತ್ತವೆಯೇ ಹೊರತು ತೂಕವನ್ನಲ್ಲ. ನಿಮಗಿರುವ ತೊಡಕು ತೂಕದ್ದಾದ್ದರಿಂದ, ಖಾಲಿಯಾದ ಜಾಗ ಇನ್ನೊಂದಿಷ್ಟು ತುಂಬಿಸಲು ಆಸೆ ಹುಟ್ಟಿಸುವ ಈ ಸಾಧನ ನಿಮಗೆ ನೆರವಿಗಿಂತ ತೊಂದರೆಯನ್ನೇ ಹೆಚ್ಚು ಮಾಡೀತು. ವಸ್ತುಗಳನ್ನು ವಿಂಗಡಿಸಲು ಬೇಕಿದ್ದರೆ ತೆಳುವಾದ ಬಟ್ಟೆಯ ಚೀಲಗಳು ಸಾಕು.

ಉತ್ತರ 2

ಬಟ್ಟೆಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಹಗುರವಾದ ಪ್ರವಾಸದ ತಿರುಳು ಇರುವುದು ಅಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಷ್ಟು ಬಟ್ಟೆ ಬೇಕು ಎಂಬುದನ್ನು ಪ್ರವಾಸದ ಒಟ್ಟು ದಿನಗಳು ನಿರ್ಧರಿಸುವುದಿಲ್ಲ. ಒಂದು ಒಗೆತಕ್ಕೂ ಮುಂದಿನ ಒಗೆತಕ್ಕೂ ನಡುವೆ ಎಷ್ಟು ದಿನ ಎಂಬುದು ನಿರ್ಧರಿಸುತ್ತದೆ. ನಾಲ್ಕು ದಿನಕ್ಕೊಮ್ಮೆ ಒಗೆಯುತ್ತೀರಾದರೆ ಒಂದು ವಾರದ ಪ್ರವಾಸಕ್ಕೂ ಎರಡು ತಿಂಗಳ ಪ್ರವಾಸಕ್ಕೂ ಬೇಕಾಗುವ ಬಟ್ಟೆ ಒಂದೇ. ಈ ಮಾತನ್ನು ಮನಸ್ಸು ಒಪ್ಪಿಕೊಂಡ ಕ್ಷಣದಿಂದ ಉಳಿದದ್ದೆಲ್ಲ ಸುಲಭವಾಗುತ್ತದೆ, ಒಪ್ಪಿಕೊಳ್ಳದಿದ್ದರೆ ಎಷ್ಟು ಒಳ್ಳೆಯ ಚೀಲ ಕೊಂಡರೂ ಅದು ತುಂಬಿ ತುಳುಕುತ್ತದೆ.

ಹಾಗಾಗಿ ಬಟ್ಟೆ ಆರಿಸುವಾಗ ಮೊದಲು ಕೇಳಬೇಕಾದದ್ದು, ಇದು ಒಂದು ರಾತ್ರಿಯಲ್ಲಿ ಒಣಗುತ್ತದೆಯೇ ಎಂಬುದನ್ನು. ಹತ್ತಿಯ ದಪ್ಪ ಬಟ್ಟೆ, ಅದರಲ್ಲೂ ಜೀನ್ಸ್, ನೀರನ್ನು ಹೀರಿಕೊಂಡು ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ ಮತ್ತು ತೂಕವೂ ಹೆಚ್ಚು. ಪಾಲಿಯೆಸ್ಟರ್ ಮತ್ತು ನೈಲಾನ್ ಬಹುಬೇಗ ಒಣಗುತ್ತವೆ, ಆದರೆ ಪಾಲಿಯೆಸ್ಟರ್ ಬೆವರಿನ ಎಣ್ಣೆಯಂಶವನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇಗ ವಾಸನೆ ಬರುತ್ತದೆ. ತೆಳುವಾದ ಮೆರಿನೋ ಉಣ್ಣೆ ಇವೆರಡರ ನಡುವೆ ನಿಲ್ಲುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರಾವಿಯನ್ನು ಒಳಗೆ ಸೆಳೆದುಕೊಳ್ಳಬಲ್ಲದಾದ್ದರಿಂದ, ಮೈಗೆ ತಾಗುವ ಮೇಲ್ಮೈ ಬೇಗ ಒದ್ದೆಯಾಗುವುದಿಲ್ಲ. ಕೆಲವು ದಿನ ಒಗೆಯದೆ ಧರಿಸಿದರೂ ವಾಸನೆ ಬರುವುದು ಕಡಿಮೆ. ಚದರ ಮೀಟರಿಗೆ 150 ಗ್ರಾಂ ತೂಗುವ ಮೆರಿನೋ ಅಂಗಿ ಸೆಖೆಯ ಊರಿನಲ್ಲೂ ಹಿತವಾಗಿರುತ್ತದೆ, ಚಳಿಯ ಊರಿನಲ್ಲಿ ಒಳಪದರವಾಗಿಯೂ ಕೆಲಸಕ್ಕೆ ಬರುತ್ತದೆ. ಅದರ ಬೆಲೆ ಹೆಚ್ಚು, ಬಾಳಿಕೆ ಸ್ವಲ್ಪ ಕಡಿಮೆ. ಹಾಗಾಗಿ ಎಲ್ಲ ಬಟ್ಟೆಯನ್ನೂ ಅದರಲ್ಲೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಎರಡು ಅಂಗಿ, ಎರಡು ಜೊತೆ ಕಾಲುಚೀಲ ಉಣ್ಣೆಯವಾಗಿದ್ದು, ಉಳಿದದ್ದು ಬೇಗ ಒಣಗುವ ಮಿಶ್ರ ಬಟ್ಟೆಯದಾಗಿದ್ದರೆ ಸಾಕು.

ಚಳಿಗೆ ದಪ್ಪನೆಯ ಕೋಟೊಂದನ್ನು ಒಯ್ಯುವ ಬದಲು ಪದರಗಳನ್ನು ಒಯ್ಯಿರಿ. ಒಳಗೆ ಉಣ್ಣೆಯ ಅಂಗಿ, ಅದರ ಮೇಲೆ ತೆಳುವಾದ ಸ್ವೆಟರ್ ಅಥವಾ ಫ್ಲೀಸ್, ಅದರ ಮೇಲೆ ಸುಮಾರು 300 ಗ್ರಾಂ ತೂಗುವ, ಮುಷ್ಟಿಯಷ್ಟಕ್ಕೆ ಮಡಿಸಬಹುದಾದ ಡೌನ್ ಜಾಕೆಟ್, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ತಡೆಯುವ ತೆಳು ಜಾಕೆಟ್ ಇದ್ದರೆ 5 ಡಿಗ್ರಿಯ ರಾತ್ರಿಯಲ್ಲಿ ಓಡಾಡಲು ಹೆಚ್ಚಿನವರಿಗೆ ಸಾಕಾಗುತ್ತದೆ. ಬೆಚ್ಚಗಿಡುವುದು ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಆದ್ದರಿಂದ, ಹೊರಪದರ ಬಿಗಿಯಾಗಿ ಒತ್ತದಷ್ಟು ಸಡಿಲವಾಗಿರಬೇಕು. ಡೌನ್ ಅಂದರೆ ಹಕ್ಕಿಯ ನವಿರು ಪುಕ್ಕ ಒದ್ದೆಯಾದರೆ ಮುದ್ದೆಯಾಗಿ ಬೆಚ್ಚಗಿಡುವ ಗುಣವನ್ನು ಕಳೆದುಕೊಳ್ಳುತ್ತದೆ. ಮಳೆಯ ಊರಿಗೆ ಹೋಗುವವರು ಕೃತಕ ತುಂಬಿನ ಜಾಕೆಟ್ ಆರಿಸುವುದು ಒಳ್ಳೆಯದು. ಸೆಖೆಯ ಊರಿನಲ್ಲಿ ಈ ಪದರಗಳಲ್ಲಿ ಎರಡು ಮಾತ್ರ ಚೀಲದ ತಳದಲ್ಲಿ ನಿರುಪಯುಕ್ತವಾಗಿರುತ್ತವೆ, ಉಳಿದವು ದಿನನಿತ್ಯ ಬಳಕೆಯಾಗುತ್ತವೆ.

ಬಣ್ಣದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಯಾವ ಅಂಗಿಯನ್ನು ಯಾವ ಪ್ಯಾಂಟಿನೊಡನೆ ಹಾಕಿದರೂ ಹೊಂದುವಂತಿದ್ದರೆ ನಾಲ್ಕು ಅಂಗಿ ಮತ್ತು ಎರಡು ಪ್ಯಾಂಟು ಎಂಟು ಬಗೆಯ ಉಡುಪುಗಳಾಗುತ್ತವೆ. ಒಂದೇ ಒಂದು ಪ್ಯಾಂಟಿಗೆ ಮಾತ್ರ ಹೊಂದುವ ಅಂಗಿ ಎಷ್ಟೇ ಇಷ್ಟವಾದರೂ ಮನೆಯಲ್ಲಿರಲಿ. ಸಭೆಗಾಗಿ ಎರಡು ಪ್ಯಾಂಟುಗಳಲ್ಲಿ ಒಂದನ್ನು ಗಾಢ ಬಣ್ಣದ, ಸುಕ್ಕಾಗದ ಬಟ್ಟೆಯದಾಗಿ ಆರಿಸಿ. ಬ್ಲೇಜರ್ ಅನಿವಾರ್ಯವಾದರೆ ಅದನ್ನು ವಿಮಾನದಲ್ಲಿ ಮೈಮೇಲೆ ಧರಿಸಿ ಹೋಗಿ, ಸೀಟಿನಲ್ಲಿ ಕುಳಿತ ಮೇಲೆ ತೆಗೆದು ಮಡಿಸಿಟ್ಟುಕೊಳ್ಳಿ. ಶೂ ಒಂದೇ ಜೊತೆ ಇರಲಿ, ಅದು ನಡೆಯಲು ಹಿತವಾಗಿದ್ದು ಸಭೆಗೂ ಒಪ್ಪುವಂತಹ ಸರಳ ಗಾಢ ಬಣ್ಣದ್ದಾಗಿರಲಿ, ಪ್ರಯಾಣದುದ್ದಕ್ಕೂ ಕಾಲಿನಲ್ಲೇ ಇರಲಿ. ಚೀಲದೊಳಗೆ ಹೋಗಬಹುದಾದ ಎರಡನೆಯ ಪಾದರಕ್ಷೆ ಎಂದರೆ 200 ಗ್ರಾಂ ಒಳಗಿನ ತೆಳು ಚಪ್ಪಲಿ ಮಾತ್ರ.

ಒಗೆಯುವ ಕ್ರಮವೂ ಕಲಿತುಕೊಳ್ಳಬೇಕಾದದ್ದೇ. ರಾತ್ರಿ ಕೈ ತೊಳೆಯುವ ಬೇಸಿನ್‌ನಲ್ಲಿ ಸ್ವಲ್ಪ ಸಾಬೂನು ಹಾಕಿ ಬಟ್ಟೆ ಹಿಸುಕಿ, ಎರಡು ಬಾರಿ ಜಾಲಿಸಿ, ನೀರು ಹಿಂಡಿದ ಮೇಲೆ ಒಣಗಿದ ಟವೆಲ್ಲಿನ ಮೇಲೆ ಹರಡಿ, ಟವೆಲ್ಲಿನೊಡನೆ ಸುರುಳಿ ಸುತ್ತಿ ಬಲವಾಗಿ ಒತ್ತಬೇಕು. ಹಿಂಡಿದರೂ ಹೋಗದ ನೀರನ್ನು ಟವೆಲ್ ಎಳೆದುಕೊಳ್ಳುತ್ತದೆ, ಒಣಗುವ ಸಮಯ ಬಹಳಷ್ಟು ಕಡಿಮೆಯಾಗುತ್ತದೆ. ಉಣ್ಣೆಯನ್ನು ಮಾತ್ರ ಬಿಸಿನೀರಿನಲ್ಲಿ ಒಗೆಯಬಾರದು, ತಿರುಚಿ ಹಿಂಡಲೂಬಾರದು. ಗಾಳಿಯಲ್ಲಿ ತೇವಾಂಶ ಹೆಚ್ಚಿರುವ ಊರಿನಲ್ಲಿ ಯಾವ ಬಟ್ಟೆಯೂ ತಾನಾಗಿ ಬೇಗ ಒಣಗುವುದಿಲ್ಲ. ಅಲ್ಲಿ ಫ್ಯಾನಿನ ಗಾಳಿಗೆ ಅಥವಾ ಹವಾನಿಯಂತ್ರಣವಿರುವ ಕೋಣೆಯಲ್ಲಿ ಹರಡಬೇಕು. ಹೆಣೆದ ರಬ್ಬರಿನ ಹಗ್ಗವೊಂದನ್ನು ಒಯ್ದರೆ ಕ್ಲಿಪ್‌ಗಳ ಅಗತ್ಯವಿಲ್ಲದೆ ಹೆಣಿಗೆಯ ನಡುವೆಯೇ ಬಟ್ಟೆಯ ತುದಿಯನ್ನು ಸಿಕ್ಕಿಸಬಹುದು. ಪ್ರತಿ ರಾತ್ರಿ ಅಂದಿನ ಒಳಉಡುಪು ಮತ್ತು ಕಾಲುಚೀಲವನ್ನಷ್ಟೇ ಒಗೆದು, ಹೊರ ಉಡುಪುಗಳನ್ನು ವಾರಕ್ಕೊಮ್ಮೆ ಒಗೆಯುವ ಯಂತ್ರಕ್ಕೆ ಹಾಕುವುದು ಹೆಚ್ಚು ಶ್ರಮವಿಲ್ಲದ ದಾರಿ.

ಉತ್ತರ 3

ಭದ್ರತಾ ತಪಾಸಣೆಯ ನಿಯಮಗಳನ್ನು ನಾನು ವಿವರಿಸುತ್ತೇನೆ. ಕ್ಯಾಬಿನ್ ಚೀಲವೊಂದನ್ನೇ ನೆಚ್ಚಿಕೊಂಡವರಿಗೆ ಇವು ಇತರರಿಗಿಂತ ಹೆಚ್ಚು ಮುಖ್ಯ, ಏಕೆಂದರೆ ತಪಾಸಣೆಯಲ್ಲಿ ತಡೆದ ವಸ್ತುವನ್ನು ಇಡಲು ನಿಮ್ಮ ಬಳಿ ಬೇರೆ ಪೆಟ್ಟಿಗೆ ಇರುವುದಿಲ್ಲ.

ವಿಮಾನಗಳಲ್ಲಿ ದ್ರವ ಸ್ಫೋಟಕ ಬಳಸುವ ಸಂಚೊಂದು 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಯಲಾದ ಮೇಲೆ, ಪ್ರತಿ ಡಬ್ಬಿ 100 ಮಿ.ಲೀ. ಮೀರಬಾರದು, ಎಲ್ಲ ಡಬ್ಬಿಗಳೂ ಸುಮಾರು 1 ಲೀಟರಿನ ಒಂದು ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು ಎಂಬ ನಿಯಮ ಜಗತ್ತಿನ ಬಹುಭಾಗದಲ್ಲಿ ಬಂತು. ಇಲ್ಲಿ ಲೆಕ್ಕಕ್ಕೆ ಬರುವುದು ಡಬ್ಬಿಯ ಗಾತ್ರ, ಒಳಗಿರುವ ಪ್ರಮಾಣವಲ್ಲ, 200 ಮಿ.ಲೀ. ಬಾಟಲಿಯ ತಳದಲ್ಲಿ ನಾಲ್ಕು ಹನಿ ಉಳಿದಿದ್ದರೂ ಅದನ್ನು ಬಿಡುವುದಿಲ್ಲ. ಟೂತ್‌ಪೇಸ್ಟ್, ಕ್ರೀಮ್, ಜೆಲ್, ಸ್ಪ್ರೇ ಎಲ್ಲವೂ ದ್ರವಗಳೆಂದೇ ಪರಿಗಣಿತವಾಗಿವೆ. ಹೊಸ ಸಿ.ಟಿ. ಸ್ಕ್ಯಾನರ್‌ಗಳನ್ನು ಅಳವಡಿಸಿಕೊಂಡ ಕೆಲವು ವಿಮಾನ ನಿಲ್ದಾಣಗಳು ಈ ಮಿತಿಯನ್ನು ಸಡಿಲಿಸಿವೆ. ಆದರೆ ಹೊರಡುವ ನಿಲ್ದಾಣದಲ್ಲಿ ಸಿಕ್ಕ ಸಡಿಲಿಕೆ ವಿಮಾನ ಬದಲಿಸುವ ನಿಲ್ದಾಣದಲ್ಲಿ ಸಿಗುತ್ತದೆಂಬ ಖಾತರಿಯಿಲ್ಲವಾದ್ದರಿಂದ, ಎರಡು ಕಡೆ ವಿಮಾನ ಬದಲಿಸುವ ನೀವು ಹಳೆಯ 100 ಮಿ.ಲೀ. ಲೆಕ್ಕವನ್ನೇ ಇಟ್ಟುಕೊಳ್ಳಿ. ಇದರಿಂದ ತೂಕಕ್ಕೂ ಲಾಭವಿದೆ. ಶಾಂಪೂ, ಮೈಸಾಬೂನು, ಬಟ್ಟೆಸಾಬೂನು ಎಲ್ಲವನ್ನೂ ಗಟ್ಟಿ ಬಿಲ್ಲೆಯ ರೂಪದಲ್ಲಿ ಒಯ್ದರೆ ಈ ನಿಯಮದ ಗೊಡವೆಯೇ ಇರುವುದಿಲ್ಲ. ಬಟ್ಟೆ ಒಗೆಯುವ ಪುಡಿಗಿಂತಲೂ ಬಿಲ್ಲೆ ಮೇಲು, ಏಕೆಂದರೆ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ ಸುಮಾರು 350 ಮಿ.ಲೀ.ಗಿಂತ ಹೆಚ್ಚಿನ ಪುಡಿಗೆ ಪ್ರತ್ಯೇಕ ತಪಾಸಣೆ ಇದೆ. ಕ್ಷೌರಕ್ಕೆ ಕಾರ್ಟ್ರಿಡ್ಜ್ ರೇಜರ್ ಒಯ್ಯಬಹುದು. ಬಿಡಿ ಬ್ಲೇಡ್ ಹಾಕುವ ಸೇಫ್ಟಿ ರೇಜರಿನ ಬ್ಲೇಡುಗಳನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ.

ಪ್ರಯಾಣಕ್ಕೆ ಅಗತ್ಯವಾದ ಔಷಧಿಗಳಿಗೆ ದ್ರವದ ಮಿತಿ ಅನ್ವಯಿಸುವುದಿಲ್ಲ, ಆದರೆ ಅವುಗಳನ್ನು ಚೀಲದಿಂದ ಹೊರತೆಗೆದು ಸಿಬ್ಬಂದಿಗೆ ತೋರಿಸಿ ಮೊದಲೇ ಹೇಳಬೇಕು. ನಿಮ್ಮ ತಂದೆಯವರ ಇನ್ಸುಲಿನ್ ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹೋಗಬಾರದು. ವಿಮಾನದ ಸರಕಿನ ಭಾಗದಲ್ಲಿ ಅದು ಹೆಪ್ಪುಗಟ್ಟುವ ಸಾಧ್ಯತೆಯಿದ್ದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ನನ್ನು ಬಳಸುವಂತಿಲ್ಲ. ಇನ್ಸುಲಿನ್, ಸೂಜಿ, ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ ಇಟ್ಟು, ಔಷಧಿಯ ವ್ಯಾಪಾರನಾಮದ ಜೊತೆಗೆ ಅದರ ಮೂಲ ರಾಸಾಯನಿಕ ಹೆಸರನ್ನೂ ಬರೆದ ವೈದ್ಯರ ಪತ್ರವನ್ನು ಜೊತೆಗಿಡಿ. ಹೊರಟ ದೇಶದಲ್ಲಿ ಸಾಮಾನ್ಯವಾದ ಔಷಧಿ ತಲುಪುವ ದೇಶದಲ್ಲಿ ನಿಷಿದ್ಧವಾಗಿರಬಹುದು. ಉದಾಹರಣೆಗೆ, ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ಮಾತ್ರೆಗಳನ್ನು ಜಪಾನಿಗೆ ಒಯ್ಯುವಂತಿಲ್ಲ. ಹೋಗುವ ಮೂರೂ ದೇಶಗಳ ನಿಯಮಗಳನ್ನು ಅಧಿಕೃತ ಪ್ರಕಟಣೆಗಳಲ್ಲಿ ನೋಡಿಕೊಳ್ಳಿ.

ಇನ್ನು ಬ್ಯಾಟರಿಗಳು. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್‌ಗಳು ಕ್ಯಾಬಿನ್‌ನಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಅವಕ್ಕೆ ಅನುಮತಿಯಿಲ್ಲ. 100 ವ್ಯಾಟ್-ಅವರ್‌ವರೆಗೆ ಸಾಮಾನ್ಯವಾಗಿ ಪೂರ್ವಾನುಮತಿ ಬೇಕಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲಿನವನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಪವರ್ ಬ್ಯಾಂಕಿನ ಮೇಲೆ ಮಿಲಿಆಂಪಿಯರ್-ಅವರ್ ಮಾತ್ರ ಬರೆದಿದ್ದರೆ ಅದನ್ನು 1,000ದಿಂದ ಭಾಗಿಸಿ 3.7ರಿಂದ ಗುಣಿಸಿ, 20,000 ಎಂದಿದ್ದರೆ 74 ವ್ಯಾಟ್-ಅವರ್ ಆಗುತ್ತದೆ. ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ 2025ರ ಜನವರಿ 28ರಂದು ನಿಂತಿದ್ದ ವಿಮಾನವೊಂದು ಬೆಂಕಿಗೆ ಆಹುತಿಯಾದ ಮೇಲೆ, ಆ ದೇಶ ಮಾರ್ಚ್ 1ರಿಂದ ಪವರ್ ಬ್ಯಾಂಕ್‌ಗಳನ್ನು ತಲೆಯ ಮೇಲಿನ ಕಪಾಟಿನಲ್ಲಿ ಇಡುವುದನ್ನು ನಿಷೇಧಿಸಿತು. ಚೀನಾ ಅದೇ ವರ್ಷದ ಜೂನ್ 28ರಿಂದ ತನ್ನ ದೇಶೀಯ ವಿಮಾನಗಳಲ್ಲಿ ತನ್ನ ಪ್ರಮಾಣಪತ್ರದ ಗುರುತಿಲ್ಲದ ಪವರ್ ಬ್ಯಾಂಕ್‌ಗಳನ್ನು ನಿಲ್ಲಿಸಿತು. ನಿಯಮಗಳು ಬಿಗಿಯಾಗುತ್ತಲೇ ಇರುವುದರಿಂದ, ಸಾಮರ್ಥ್ಯ ಸ್ಪಷ್ಟವಾಗಿ ಮುದ್ರಿತವಾಗಿರುವ 10,000 ಮಿಲಿಆಂಪಿಯರ್-ಅವರ್‌ನ ಒಂದೇ ಪವರ್ ಬ್ಯಾಂಕ್ ಸಾಕು, ಅದನ್ನು ಸೀಟಿನ ಕೆಳಗಿನ ಸಣ್ಣ ಚೀಲದಲ್ಲೋ ಜೇಬಿನಲ್ಲೋ ಇಡಿ.

ಲ್ಯಾಪ್‌ಟಾಪ್ ಯು.ಎಸ್.ಬಿ.-ಸಿ ಮೂಲಕ ಚಾರ್ಜ್ ಆಗುವಂತಹದಾಗಿದ್ದರೆ 65 ವ್ಯಾಟ್‌ನ ಒಂದೇ ಸಣ್ಣ ಚಾರ್ಜರ್ ಲ್ಯಾಪ್‌ಟಾಪ್, ಫೋನ್ ಎರಡಕ್ಕೂ ಆಗುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಚಾರ್ಜರ್‌ಗಳ ಗುಂಪು ಇಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಗೆತದ ನಡುವಿನ ದಿನಗಳನ್ನು ಎಣಿಸಬೇಕೆಂಬ ಮಾತು ನನ್ನ ಪಟ್ಟಿಯನ್ನೇ ಬದಲಿಸಿದೆ. ಆದರೆ ಎರಡು ಅನುಮಾನಗಳು ಉಳಿದಿವೆ. ವಿಮಾನ ತುಂಬಿದ್ದಾಗ ಬೋರ್ಡಿಂಗ್ ಗೇಟಿನಲ್ಲೇ ಕ್ಯಾಬಿನ್ ಚೀಲಗಳನ್ನು ತೆಗೆದುಕೊಂಡು ಕೆಳಗೆ ಹಾಕುತ್ತಾರೆಂದು ಕೇಳಿದ್ದೇನೆ. ಹಾಗಾದರೆ ಇಷ್ಟೆಲ್ಲ ಸಿದ್ಧತೆ ವ್ಯರ್ಥವಾಗುವುದಿಲ್ಲವೇ? ಎರಡನೆಯದಾಗಿ, ತಂದೆಯವರಿಗೆ ಎಪ್ಪತ್ತು ದಾಟಿದ್ದು ಭುಜದ ನೋವಿದೆ, ಚಳಿಯೂ ಅವರಿಗೆ ನನಗಿಂತ ಬೇಗ ತಾಗುತ್ತದೆ. ಅವರೂ ಬೆನ್ನಿಗೆ ಚೀಲ ಹಾಕಿಕೊಂಡೇ ಬರಬೇಕೆಂದು ಒತ್ತಾಯಿಸುವುದು ಸರಿಯೇ ಎಂದು ತಿಳಿಯುತ್ತಿಲ್ಲ.

ಉತ್ತರ 4

ನಿಮ್ಮ ತಂದೆಯವರ ವಿಷಯದಲ್ಲಿ ನಾನು ಮೇಲಿನವರಿಗಿಂತ ಸ್ವಲ್ಪ ಬೇರೆಯಾಗಿ ಯೋಚಿಸುತ್ತೇನೆ. ಹಗುರವಾಗಿ ಪ್ರಯಾಣಿಸುವುದರ ಉದ್ದೇಶ ಪ್ರಯಾಣಿಕರ ಶ್ರಮ ಕಡಿಮೆಯಾಗಬೇಕು ಎಂಬುದೇ ಹೊರತು, ಲಗೇಜು ಕೌಂಟರಿಗೆ ಹೋಗಲಿಲ್ಲ ಎಂಬ ತೃಪ್ತಿಯಲ್ಲ. ಭುಜದ ನೋವಿರುವ ಹಿರಿಯರು 7 ಕೆ.ಜಿ.ಯ ಚೀಲವನ್ನು ಬೆನ್ನಿಗೇರಿಸಿ ನಿಲ್ದಾಣದ ಉದ್ದಕ್ಕೂ ನಡೆದು, ತಲೆಯ ಮೇಲಿನ ಕಪಾಟಿಗೆ ಎತ್ತಿಡಬೇಕೆಂದರೆ ಆ ಉದ್ದೇಶವೇ ಸೋಲುತ್ತದೆ. ಅವರಿಗೆ ಸೀಟಿನ ಕೆಳಗೆ ಹಿಡಿಸುವ, 2 ಕೆ.ಜಿ. ಮೀರದ ಸಣ್ಣ ಚೀಲ ಮಾತ್ರ ಇರಲಿ. ಅದರಲ್ಲಿ ಇನ್ಸುಲಿನ್, ಕನ್ನಡಕ, ಒಂದು ಜೊತೆ ಒಳಉಡುಪು, ಒಂದು ಸ್ವೆಟರ್ ಇರಲಿ. ನಿಮ್ಮದು ಕ್ಯಾಬಿನ್ ಬೆನ್ನುಚೀಲ. ಅವರ ಉಳಿದ ಬಟ್ಟೆ, ಇಬ್ಬರ ಚಳಿಯ ದಪ್ಪ ಉಡುಪುಗಳು ನಿಮ್ಮ ಚೀಲದಲ್ಲಿ ಹಿಡಿಯದಿದ್ದರೆ, ಚಕ್ರವಿರುವ ಮಧ್ಯಮ ಗಾತ್ರದ ಒಂದೇ ಪೆಟ್ಟಿಗೆಯನ್ನು ಇಬ್ಬರಿಗೂ ಸೇರಿ ಚೆಕ್-ಇನ್ ಮಾಡಿ. ಅದರಲ್ಲಿ ಇರುವ ಯಾವ ವಸ್ತುವೂ ಎರಡು ಮೂರು ದಿನ ಬರದಿದ್ದರೂ ಪ್ರವಾಸ ನಿಲ್ಲಬಾರದು ಎಂಬ ಒಂದು ಕಟ್ಟಳೆಯನ್ನು ಮಾತ್ರ ಪಾಲಿಸಿ.

ಚೆಕ್-ಇನ್ ಲಗೇಜಿನ ಭಯವನ್ನೂ ಅದರ ನಿಜವಾದ ಅಳತೆಯಲ್ಲಿ ನೋಡಬೇಕು. ವಿಮಾನಯಾನ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಸೀಟಾದ ವರದಿಯಂತೆ 2024ರಲ್ಲಿ ಪ್ರತಿ ಸಾವಿರ ಪ್ರಯಾಣಿಕರಿಗೆ 6.3 ಲಗೇಜುಗಳು ತಡವಾದವು, ಹಾಳಾದವು ಅಥವಾ ಕಳೆದುಹೋದವು. ಇದರಲ್ಲಿ ಹೆಚ್ಚಿನ ಪಾಲು ತಡವಾದದ್ದೇ, ಶಾಶ್ವತವಾಗಿ ಕಳೆದುಹೋದದ್ದಲ್ಲ. ವಿಮಾನ ಬದಲಿಸುವಾಗ ಈ ಅಪಾಯ ಹೆಚ್ಚುತ್ತದೆ, ನಿಮ್ಮ ಪ್ರವಾಸದಲ್ಲಿ ಅಂತಹ ಬದಲಾವಣೆ ಎರಡಿದೆ. ಆದ್ದರಿಂದ ನಿಮ್ಮ ಎಚ್ಚರಿಕೆ ಸಕಾರಣವಾದದ್ದು. ಹಾಗೇನಾದರೂ ಆದರೆ ವಿಮಾನ ನಿಲ್ದಾಣ ಬಿಡುವ ಮೊದಲೇ ಲಿಖಿತ ದೂರು ಕೊಟ್ಟು ಅದರ ಸಂಖ್ಯೆಯನ್ನು ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣಗಳಲ್ಲಿ, ಹಾನಿಯಾದ ಲಗೇಜಿನ ಬಗ್ಗೆ ಅದು ಕೈಸೇರಿದ 7 ದಿನಗಳೊಳಗೆ, ತಡವಾದ ಲಗೇಜಿನ ಬಗ್ಗೆ 21 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್.ಡಿ.ಆರ್. ಆಗಿದೆ, ಎಸ್.ಡಿ.ಆರ್. ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕಾಚಾರದ ಏಕಮಾನ. ಕ್ಯಾಬಿನ್ ಚೀಲಕ್ಕೆ ಹಾನಿಯಾದರೆ ಮಾತ್ರ, ಸಂಸ್ಥೆಯ ಅಥವಾ ಅದರ ಸಿಬ್ಬಂದಿಯ ತಪ್ಪಿನಿಂದ ಆಯಿತೆಂದಾಗಲಷ್ಟೇ ಅದು ಹೊಣೆಯಾಗುತ್ತದೆ ಎಂಬ ವ್ಯತ್ಯಾಸ ತಿಳಿದಿರಲಿ.

ಬೋರ್ಡಿಂಗ್ ಗೇಟಿನಲ್ಲಿ ಚೀಲ ತೆಗೆದುಕೊಳ್ಳುವುದು ನಿಜವಾಗಿಯೂ ನಡೆಯುತ್ತದೆ, ಕೊನೆಯಲ್ಲಿ ಹತ್ತುವವರಿಗೆ ಹೆಚ್ಚಾಗಿ ನಡೆಯುತ್ತದೆ. ಅದಕ್ಕೆ ಸಿದ್ಧತೆಯೆಂದರೆ, ಪವರ್ ಬ್ಯಾಂಕ್, ಔಷಧಿ, ಪಾಸ್‌ಪೋರ್ಟ್, ಕೀಲಿಕೈ, ಹಣ, ಲ್ಯಾಪ್‌ಟಾಪ್ ಇವೆಲ್ಲ ಒಂದು ತೆಳುವಾದ ಒಳಚೀಲದಲ್ಲಿ ಮೊದಲಿನಿಂದಲೇ ಒಟ್ಟಿಗಿರಬೇಕು, ಒಂದೇ ಎಳೆತಕ್ಕೆ ಹೊರಬರುವಂತಿರಬೇಕು. ಸರತಿಯಲ್ಲಿ ನಿಂತು ಚೀಲ ಬಿಚ್ಚಿ ಒಂದೊಂದನ್ನೇ ಹುಡುಕುವಾಗ ಪವರ್ ಬ್ಯಾಂಕ್ ಒಳಗೇ ಉಳಿದುಬಿಡುತ್ತದೆ, ಅದು ಕೆಳಗಿನ ಸರಕಿನ ಭಾಗಕ್ಕೆ ಹೋಗುವುದು ಅಪಾಯಕರ. ಚಾರ್ಜಿಂಗ್ ಸೌಲಭ್ಯವಿರುವ ಸೂಟ್‌ಕೇಸನ್ನು ಕೊಳ್ಳುವವರು ಅದರ ಬ್ಯಾಟರಿ ಹೊರತೆಗೆಯಲು ಬರುತ್ತದೆಯೇ ಎಂದು ನೋಡಬೇಕಾದದ್ದೂ ಇದೇ ಕಾರಣಕ್ಕೆ. ಅಂತಹ ಒಳಚೀಲವೊಂದಿದ್ದರೆ ಚೀಲ ಕೆಳಗೆ ಹೋದರೂ ನಿಮ್ಮ ಸಿದ್ಧತೆ ವ್ಯರ್ಥವಾಗುವುದಿಲ್ಲ, ಹೋಗಿರುವುದು ಬಟ್ಟೆ ಮಾತ್ರ.

ಉತ್ತರ 2 ಬರೆದವರಿಂದ

ಹಿರಿಯರ ಬಗ್ಗೆ ಮೇಲಿನವರು ಬರೆದದ್ದನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಒಂದನ್ನು ಮಾತ್ರ ಸೇರಿಸಬೇಕೆನಿಸುತ್ತದೆ: ಚೆಕ್-ಇನ್ ಪೆಟ್ಟಿಗೆ ಇದೆ ಎಂದ ಕೂಡಲೇ ಅದರ 23 ಕೆ.ಜಿ. ಮಿತಿಯನ್ನು ತುಂಬಿಸುವ ಮನಸ್ಸಾಗುತ್ತದೆ, ಆಮೇಲೆ ಆ 23 ಕೆ.ಜಿ.ಯನ್ನು ಮೆಟ್ಟಿಲುಗಳ ಮೇಲೆ ಎಳೆಯಬೇಕಾದವರು ನೀವೊಬ್ಬರೇ. ಇಬ್ಬರ ಪಟ್ಟಿಯನ್ನೂ ಪೆಟ್ಟಿಗೆ ಇಲ್ಲವೆಂಬಂತೆಯೇ ಮಾಡಿ ಮುಗಿಸಿ, ಹಿಡಿಯದೆ ಉಳಿದದ್ದನ್ನಷ್ಟೇ ಅದರಲ್ಲಿಡಿ. ನಿಮ್ಮ ತಂದೆಯವರಿಗೆ ಚಳಿ ಬೇಗ ತಾಗುತ್ತದೆಂದಿರಿ. ಅವರಿಗೆ ಇನ್ನೂ ದಪ್ಪನೆಯ ಕೋಟು ಕೊಳ್ಳುವ ಬದಲು ಉಣ್ಣೆಯ ಟೋಪಿ, ಕೈಗವಸು, ಕುತ್ತಿಗೆಗೆ ಸುತ್ತುವ ಬಟ್ಟೆ, ಉಣ್ಣೆಯ ಥರ್ಮಲ್ ಪೈಜಾಮ ಒಂದು, ಇಷ್ಟನ್ನು ತೆಗೆದುಕೊಳ್ಳಿ. ಎಲ್ಲ ಸೇರಿ ಅರ್ಧ ಕೆ.ಜಿ. ದಾಟುವುದಿಲ್ಲ. ಮಧುಮೇಹವಿರುವವರ ಪಾದಕ್ಕೆ ಗಾಯವಾಗದಂತೆ ನೋಡಿಕೊಳ್ಳುವುದು ಬಹಳ ಮುಖ್ಯವಾದ್ದರಿಂದ, ಶೂ ಒಂದೇ ಜೊತೆ ಇರಲಿ ಎಂಬ ನನ್ನ ಮಾತನ್ನು ಅವರಿಗೆ ಅನ್ವಯಿಸಬೇಡಿ. ಈಗಾಗಲೇ ಕಾಲಿಗೆ ಒಗ್ಗಿರುವ ಎರಡು ಜೊತೆಗಳನ್ನು ಅವರು ಒಯ್ಯಲಿ, ಒದ್ದೆಯಾದ ಶೂವನ್ನು ಮರುದಿನ ಧರಿಸುವ ಪ್ರಸಂಗ ಬರದಿರಲಿ, ಕಾಲುಚೀಲಗಳೂ ಎರಡು ಜೊತೆ ಹೆಚ್ಚಿಗೆ ಇರಲಿ.

ಹೊರಡುವ ಒಂದು ವಾರ ಮೊದಲೇ ಚೀಲವನ್ನು ಪೂರ್ತಿಯಾಗಿ ತುಂಬಿ, ಬೆನ್ನಿಗೆ ಹಾಕಿಕೊಂಡು ಅರ್ಧ ಗಂಟೆ ನಡೆದು, ಎರಡು ಮಹಡಿ ಹತ್ತಿ ಇಳಿಯಿರಿ. ಹಿಂದಿರುಗಿ ಬಂದ ಕೂಡಲೇ, ದಣಿವು ಆರುವ ಮೊದಲೇ, ಪಟ್ಟಿಯನ್ನು ಇನ್ನೊಮ್ಮೆ ಓದಿ. ಯಾವುದನ್ನು ತೆಗೆಯಬೇಕೆಂಬುದು ಆಗ ಸ್ಪಷ್ಟವಾಗುತ್ತದೆ, ಕೊಳ್ಳಬೇಕಾದದ್ದೇನಾದರೂ ಇದ್ದರೆ ಅದಕ್ಕೂ ಒಂದು ವಾರ ಸಮಯವಿರುತ್ತದೆ.